9 ದಿನದ ರಜೆಯಲ್ಲಿ ಪೆರುವಿನವರೆಗೆ ಹೋಗಿ ಬರುವುದು ಸರಿಯಾ?

ಗೋಡೆಕಲ್ಲು:

ಒಂದು ವಾರದಿಂದ ಇದನ್ನೇ ಯೋಚಿಸುತ್ತಿದ್ದೇನೆ, ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ದೂರ ತಿರುಗಾಡಿದವರು ಸ್ವಲ್ಪ ದಾರಿ ತೋರಿಸಿ.

ಆಗಸ್ಟ್‌ನಲ್ಲಿ ನನಗೆ 5 ದಿನ ರಜೆ ಸಿಗುತ್ತದೆ. ಹಿಂದೆ ಮುಂದೆ ಶನಿವಾರ ಭಾನುವಾರ ಸೇರಿಸಿಕೊಂಡರೆ ಒಟ್ಟು 9 ದಿನ. ಅದರ ಮೇಲೆ ಒಂದು ದಿನವೂ ಸಿಗುವುದಿಲ್ಲ, ಕೇಳಿ ನೋಡಿ ಆಯಿತು. ಹೋಗಬೇಕು ಅಂತಿರುವುದು ಪೆರುವಿಗೆ, ಅಲ್ಲಿ ಬೆಟ್ಟದ ಮೇಲಿರುವ ಹಳೆಯ ಕಲ್ಲಿನ ಊರು ಮಾಚು ಪಿಚು ನೋಡಲು. ನಾವಿರುವ ಕಡೆಯಿಂದ ನೇರ ವಿಮಾನ ಇಲ್ಲ, ಎರಡು ಕಡೆ ಇಳಿದು ಹತ್ತಬೇಕು. ಮನೆ ಬೀಗ ಹಾಕಿದ ಹೊತ್ತಿನಿಂದ ಪೆರುವಿನ ರಾಜಧಾನಿ ಲಿಮಾದಲ್ಲಿ ಕೋಣೆಯ ಬಾಗಿಲು ತೆಗೆಯುವವರೆಗೆ ಹೋಗುವಾಗ 36 ಗಂಟೆ, ಬರುವಾಗ 34 ಗಂಟೆ ಆಗುತ್ತದೆ. ಸಮಯದ ವ್ಯತ್ಯಾಸ 10 ಗಂಟೆಗೂ ಜಾಸ್ತಿ.

ಗೊತ್ತಿರುವವರನ್ನು ಕೇಳಿದರೆ ಅರ್ಧ ಜನ "ಅಷ್ಟು ದೂರಕ್ಕೆ ಮೂರು ವಾರವಾದರೂ ಬೇಕು, ಇಲ್ಲದಿದ್ದರೆ ದುಡ್ಡು ದಂಡ" ಅನ್ನುತ್ತಾರೆ. ಉಳಿದವರು "ಹೋಗಿಬಿಡು, ಯೋಚನೆ ಮಾಡುತ್ತಾ ಕೂತರೆ ವಯಸ್ಸು ನಿಲ್ಲುತ್ತಾ" ಅನ್ನುತ್ತಾರೆ. ಎರಡು ಮಾತೂ ಸರಿ ಅನ್ನಿಸುತ್ತದೆ, ಕಷ್ಟ ಆಗಿರುವುದೇ ಅದಕ್ಕೆ. ಇಷ್ಟು ಕಡಿಮೆ ದಿನದಲ್ಲಿ ಇಷ್ಟು ದೂರ ಹೋಗಿ ಬಂದವರು ಯಾರಾದರೂ ಇದ್ದೀರಾ? ಮನೆಗೆ ಬಂದ ಮೇಲೆ ಹೇಗನ್ನಿಸಿತು?


ಗಂಟೆಲೆಕ್ಕ:

ದಿನದ ಲೆಕ್ಕ ಬಿಡಿ, ಗಂಟೆಯಲ್ಲಿ ಲೆಕ್ಕ ಹಾಕಿ. ನಾನು ಯಾವ ಪ್ರವಾಸಕ್ಕೂ ಮೊದಲು ಇದನ್ನೇ ಮಾಡುವುದು, ಮನಸ್ಸಿನ ಗೊಂದಲ ಅರ್ಧ ಅಲ್ಲೇ ಕಳೆಯುತ್ತದೆ.

9 ದಿನ ಅಂದರೆ 216 ಗಂಟೆ. ಶುಕ್ರವಾರ ಮಧ್ಯರಾತ್ರಿಯೇ ಮನೆ ಬಿಟ್ಟಿರಿ ಅಂತ ಇಟ್ಟುಕೊಳ್ಳೋಣ. ಹೋಗಿ ಬರುವುದಕ್ಕೆ 70 ಗಂಟೆ. ಸೋಮವಾರ ಕೆಲಸಕ್ಕೆ ಹೋಗುವ ಮೊದಲು ಮನೆಯಲ್ಲಿ ಸ್ನಾನ ಮಾಡಿ, ಬಟ್ಟೆ ಬಿಚ್ಚಿಟ್ಟು, ಒಂದಿಷ್ಟು ಮಲಗಲು 12 ಗಂಟೆ ಬೇಕೇ ಬೇಕು. ಪೆರುವಿನಲ್ಲಿ 6 ರಾತ್ರಿ, ರಾತ್ರಿಗೆ 8 ಗಂಟೆ ನಿದ್ದೆ, ಅಲ್ಲಿಗೆ 48. ಲಿಮಾದಿಂದ, ಮಾಚು ಪಿಚುಗೆ ಹೋಗುವವರು ಇಳಿಯುವ ಕುಸ್ಕೋ ಊರಿಗೆ ವಿಮಾನ ಒಂದೂವರೆ ಗಂಟೆಯದ್ದೇ ಆದರೂ ವಿಮಾನ ನಿಲ್ದಾಣದ ಕಾಯುವಿಕೆ, ಅಲ್ಲಿಂದ ಓಡಾಟ ಸೇರಿದರೆ ಒಂದು ಬದಿಗೆ 6 ಗಂಟೆ ಹಿಡಿಯಿರಿ. ಕುಸ್ಕೋ ಕಡೆಯಿಂದ ಮಾಚು ಪಿಚುಗೆ ಕಾರು, ರೈಲು, ಕೊನೆಗೆ ಬೆಟ್ಟ ಹತ್ತುವ ಬಸ್ಸು, ಒಂದು ಬದಿಗೆ 5 ಗಂಟೆ. ಎರಡೂ ಬದಿ ಸೇರಿ 22.

ಎಲ್ಲಾ ಕಳೆದರೆ ಉಳಿಯುವುದು 64 ಗಂಟೆ. ಕೂತು ಸಾಗುವ ಹೊತ್ತು 92 ಗಂಟೆ. ಅಂದರೆ ನೋಡುವುದಕ್ಕಿಂತ ಸಾಗುವುದೇ ಜಾಸ್ತಿ.

ಇಷ್ಟಕ್ಕೇ ಬೇಡ ಅಂತ ನಾನು ಹೇಳುತ್ತಿಲ್ಲ. 64 ಗಂಟೆ ಕಡಿಮೆ ಹೊತ್ತಲ್ಲ. ಒಂದು ಜಾಗಕ್ಕೆ ಅದು ಬೇಕಾದಷ್ಟು. ಆದರೆ ಹೋಗುವುದು ಇಷ್ಟು ದೂರ, ಜೊತೆಗೆ ಟಿಟಿಕಾಕಾ ಸರೋವರ, ನಾಸ್ಕಾ ರೇಖೆಗಳು, ಅಮೆಜಾನ್ ಕಾಡು ಅಂತ ಸೇರಿಸುತ್ತಾ ಹೋದರೆ ಯಾವುದೂ ಕೈಗೆ ಸಿಗುವುದಿಲ್ಲ. ದೂರ ಹೋದವರು ಹಾಳು ಮಾಡಿಕೊಳ್ಳುವುದೇ ಅಲ್ಲಿ. ಇನ್ನೊಂದು ಸಲ ಬರುತ್ತೇವೋ ಇಲ್ಲವೋ ಅಂತ ಎಲ್ಲವನ್ನೂ ತುರುಕಲು ನೋಡುತ್ತಾರೆ.

ಈ 64 ಗಂಟೆ ನಿಮ್ಮ ಮನಸ್ಸಿಗೆ ಸಾಕು ಅನ್ನಿಸುತ್ತಾ, ಅದನ್ನು ಮೊದಲು ಹೇಳಿ.


ಮೂರನೇ ಜಾವ:

ನಾನು ಇದಕ್ಕಿಂತ ಕಡಿಮೆ ದಿನಕ್ಕೆ ಹೋಗಿದ್ದೇನೆ. ನಾಲ್ಕೇ ದಿನ. ಅಕ್ಕನಿಗೆ ಮಗು ಆಗಿತ್ತು, ಅವಳು ಇರುವುದು ಭೂಮಿಯ ಇನ್ನೊಂದು ಬದಿಯಲ್ಲಿ, ನಮ್ಮ ಹಗಲು ಅವಳಿಗೆ ರಾತ್ರಿ. ಎಲ್ಲರೂ ಹುಚ್ಚು ಅಂದರು, ನಾಲ್ಕು ದಿನಕ್ಕೆ ಯಾರಾದರೂ ಅಷ್ಟು ದೂರ ಹೋಗುತ್ತಾರಾ, ಮಗು ದೊಡ್ಡದಾದ ಮೇಲೆ ನಿಧಾನವಾಗಿ ಹೋಗು, ಆಗ ಆಟ ಆಡಿಸಬಹುದು ಅಂದರು.

ಹೋದೆ. ಮೊದಲ ರಾತ್ರಿ ಮೂರು ಗಂಟೆಗೆ ಎಚ್ಚರ ಆಯಿತು, ಇನ್ನು ನಿದ್ದೆ ಬರುವುದಿಲ್ಲ ಅಂತ ಗೊತ್ತಾಯಿತು. ನೀರು ಕುಡಿಯೋಣ ಅಂತ ಹೊರಗೆ ಬಂದರೆ ಅಕ್ಕ ಸಣ್ಣ ದೀಪ ಹಾಕಿಕೊಂಡು ಮಗುವಿಗೆ ಹಾಲು ಕೊಡುತ್ತಾ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು, ನಾವಿಬ್ಬರೇ, ಚಿಕ್ಕವರಿದ್ದಾಗ ಒಂದೇ ಹೊದಿಕೆಯೊಳಗೆ ಪಿಸುಗುಟ್ಟುತ್ತಿದ್ದ ಹಾಗೆ ಬೆಳಕು ಹರಿಯುವವರೆಗೆ ಮಾತಾಡಿದೆವು. ನಾಲ್ಕು ರಾತ್ರಿಯೂ ಹಾಗೇ ಆಯಿತು. ಮಗು ನನ್ನ ತೋಳ ಮೇಲೆ ಮಲಗಿದಾಗ ಅದರ ಕಿವಿಯ ಅಂಚಿನಲ್ಲಿ ನವಿರಾದ ಕೂದಲು ಕಾಣುತ್ತಿತ್ತು, ಹುಟ್ಟಿದ ಕೆಲವು ವಾರಕ್ಕೆ ಅದು ಉದುರಿ ಹೋಗುತ್ತದಂತೆ. ನಾನು ಆರು ತಿಂಗಳು ಬಿಟ್ಟು ಹೋಗಿದ್ದರೆ ಅದನ್ನು ನೋಡುತ್ತಲೇ ಇರಲಿಲ್ಲ.

ಆ ಊರಿನಲ್ಲಿ ಏನೇನು ಇದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಒಂದು ರಸ್ತೆಯನ್ನೂ ಸರಿಯಾಗಿ ನೋಡಲಿಲ್ಲ. ವಾಪಸ್ ಬಂದ ಮೇಲೆ ಒಂದು ವಾರ ಮೈ ಸುಧಾರಿಸಲಿಲ್ಲ, ಅದೂ ನಿಜ. ಆದರೂ ನಾಳೆ ಇನ್ನೊಂದು ಸಲ ಹೋಗು ಅಂದರೆ ಹೊರಡುತ್ತೇನೆ.

ಅದಕ್ಕೇ ನಿಮ್ಮನ್ನು ಕೇಳುವುದು. ಯಾಕೆ ಪೆರು? ಯಾಕೆ ಈಗಲೇ? ನಿಮ್ಮ ಪ್ರಶ್ನೆಯಲ್ಲಿ ದಿನ, ಗಂಟೆ ಎಲ್ಲಾ ಇದೆ, ಅದು ಮಾತ್ರ ಇಲ್ಲ.


ರೇಖಾಂಶ:

ಗಂಟೆಲೆಕ್ಕ ಅವರ 64 ಗಂಟೆಯಲ್ಲಿ ಒಂದು ವಿಷಯ ಸೇರಿಲ್ಲ. ಆ ಗಂಟೆಗಳಲ್ಲಿ ನೀವು ಎಷ್ಟು ಎಚ್ಚರವಾಗಿರುತ್ತೀರಿ ಅನ್ನುವುದು. ನನಗೆ ತುಂಬಾ ಆಸಕ್ತಿಯ ವಿಷಯ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ನೀವು ಎಲ್ಲೇ ಇರಿ, ಇನ್ನೊಂದು ಜಾಗ 20,000 ಕಿ.ಮೀ.ಗಿಂತ ದೂರ ಇರುವುದೇ ಸಾಧ್ಯವಿಲ್ಲ. ಗಂಟೆಗೆ 900 ಕಿ.ಮೀ. ಹೋಗುವ ವಿಮಾನಕ್ಕೆ ಅದು 22 ಗಂಟೆಯ ದಾರಿ, ಅಷ್ಟೇ. ದೂರ ಒಂದೇ ಆಗಿದ್ದರೆ ಒಂದು ಒಳ್ಳೆ ನಿದ್ದೆಯಲ್ಲಿ ಸರಿಹೋಗುತ್ತಿತ್ತು. ಮೈಯನ್ನು ಸುಸ್ತು ಮಾಡುವುದು ನೀವು ಎಷ್ಟು ರೇಖಾಂಶ ದಾಟಿದಿರಿ ಅನ್ನುವುದು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ನೀವು ಪೂರ್ವ ಪಶ್ಚಿಮವಾಗಿ 15 ಡಿಗ್ರಿ ಸರಿದರೆ ಸೂರ್ಯನ ಹೊತ್ತು ಒಂದು ಗಂಟೆ ಬದಲಾಗುತ್ತದೆ. ಉತ್ತರ ದಕ್ಷಿಣವಾಗಿ ಎಷ್ಟು ದೂರ ಹೋದರೂ ಹೊತ್ತು ಬದಲಾಗುವುದಿಲ್ಲ. ಫ್ರಾಂಕ್‌ಫರ್ಟ್‌ನಿಂದ ಜೊಹಾನ್ಸ್‌ಬರ್ಗ್‌ಗೆ 10 ಗಂಟೆಗೂ ಮೇಲೆ ಹಾರಬೇಕು, ಯುರೋಪಿನ ಬೇಸಿಗೆಯಲ್ಲಿ ಎರಡೂ ಊರಿನ ಗಡಿಯಾರ ಒಂದೇ. ಇಳಿದವರಿಗೆ ಸುಸ್ತು ಇರುತ್ತದೆ, ಜೆಟ್ ಲ್ಯಾಗ್, ಅಂದರೆ ಮೈಯ ಹೊತ್ತು ಊರಿನ ಹೊತ್ತಿಗೆ ಹೊಂದದ ತೊಂದರೆ, ಇರುವುದಿಲ್ಲ. ರಜೆ ಕಡಿಮೆ ಇದ್ದು ಎಲ್ಲಿಗೆ ಹೋಗಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲದವರು ನಕ್ಷೆಯಲ್ಲಿ ಮೇಲೆ ಕೆಳಗೆ ನೋಡಿ, ಅಕ್ಕಪಕ್ಕ ನೋಡಬೇಡಿ.

ನಿಮಗೆ ಜಾಗ ತೀರ್ಮಾನ ಆಗಿದೆ, ಆದ್ದರಿಂದ ಮುಂದಿನದು ಕೇಳಿ. ನಮ್ಮ ಮಿದುಳಿನಲ್ಲಿ ಒಂದು ಗಡಿಯಾರ ಇದೆ, ನಿದ್ದೆ, ಹಸಿವು, ಮೈ ಬಿಸಿ ಎಲ್ಲಾ ಅದರ ತಾಳಕ್ಕೆ ನಡೆಯುತ್ತದೆ. ಇಂಥ ಗಡಿಯಾರ ಜೀವಕೋಶದ ಒಳಗೆ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ಈ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಒಂಚೂರು ಉದ್ದ. ಹಾಗಾಗಿ ದಿನ ಉದ್ದವಾದರೆ, ಅಂದರೆ ಪಶ್ಚಿಮಕ್ಕೆ ಹೋದರೆ, ಅದು ಬೇಗ ಒಗ್ಗುತ್ತದೆ. ಪೂರ್ವಕ್ಕೆ ಹೋದರೆ ದಿನಕ್ಕೆ ಸುಮಾರು ಒಂದು ಗಂಟೆ ಮಾತ್ರ ಸರಿಯುತ್ತದೆ, ಪಶ್ಚಿಮಕ್ಕಾದರೆ ಒಂದೂವರೆ. ನೀವು ಪಶ್ಚಿಮಕ್ಕೆ ಹೋಗುತ್ತೀರಿ ಅಂದುಕೊಂಡರೂ 10 ಗಂಟೆ ಸರಿಯಲು ಒಂದು ವಾರ ಬೇಕು. ಪೂರ್ತಿ ಒಗ್ಗುವ ಹೊತ್ತಿಗೆ ನೀವು ವಾಪಸ್ ವಿಮಾನದಲ್ಲಿರುತ್ತೀರಿ.

ಹಾಗಾಗಿ ಪೂರ್ತಿ ಒಗ್ಗಬೇಕು ಅನ್ನುವ ಆಸೆ ಬಿಡಿ, ಅರ್ಧ ಒಗ್ಗಿದರೆ ಸಾಕು. ಬೆಳಿಗ್ಗೆ ಹೊತ್ತು ನಿಮ್ಮ ಮನೆಯ ಗಡಿಯಾರಕ್ಕೆ ಸಂಜೆ, ಆಗ ನೀವು ಚೆನ್ನಾಗಿ ಎಚ್ಚರ ಇರುತ್ತೀರಿ. ಮುಖ್ಯವಾದದ್ದನ್ನೆಲ್ಲಾ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಕಣ್ಣು ಎಳೆಯುತ್ತದೆ. ಆಗ ಅರ್ಧ ಗಂಟೆ ಮಲಗಿ ಎದ್ದು, ಕೋಣೆಯೊಳಗೆ ಕೂರದೆ ಹೊರಗೆ ಬೆಳಕಿಗೆ ಬನ್ನಿ. ಗಡಿಯಾರವನ್ನು ಸರಿಸುವುದು ಬೆಳಕೇ, ಬೇರೆ ಯಾವುದೂ ಅಷ್ಟು ಕೆಲಸ ಮಾಡುವುದಿಲ್ಲ. ಎರಡು ಮೂರು ದಿನಕ್ಕಷ್ಟೇ ಹೋಗುವವರಾದರೆ ಮನೆಯ ಹೊತ್ತಿನಲ್ಲೇ ಇದ್ದುಬಿಡುವುದು ಮೇಲು. ನಿಮ್ಮದು ಅದಕ್ಕಿಂತ ಉದ್ದ, ಹಾಗಾಗಿ ಸರಿಸಲು ಪ್ರಯತ್ನಪಡಿ.


ಸಣ್ಣಚೀಲ:

ನಾನು ಬೇರೆ ಥರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಈಗ ಬೇಕಿರುವುದು ವಿಶ್ರಾಂತಿಯಾ, ಹೊಸ ಜಾಗವಾ? ವಿಶ್ರಾಂತಿ ಬೇಕಿದ್ದರೆ ಖಂಡಿತ ಹೋಗಬೇಡಿ. ನೆದರ್‌ಲೆಂಡ್ಸ್‌ನಲ್ಲಿ ಉದ್ದ ರಜೆಗೆ ಹೋದವರನ್ನು ಗಮನಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ರಜೆಯ ನೆಮ್ಮದಿ ಎಂಟನೇ ದಿನದ ಹೊತ್ತಿಗೆ ತುತ್ತತುದಿಗೆ ಏರಿ, ಕೆಲಸಕ್ಕೆ ವಾಪಸ್ ಬಂದ ಮೊದಲ ವಾರದಲ್ಲೇ ಮೊದಲಿದ್ದ ಕಡೆಗೆ ಇಳಿದುಬಿಟ್ಟಿತ್ತು. ಅಂದರೆ ರಜೆಯ ನೆಮ್ಮದಿಯನ್ನು ಕೂಡಿಡಲು ಆಗುವುದಿಲ್ಲ. ಅದಕ್ಕೆ ನಾನು ವರ್ಷಕ್ಕೆ ಒಂದು ದೊಡ್ಡ ಓಟಕ್ಕಿಂತ ನಾಲ್ಕು ಸಲ ಹತ್ತಿರದ ಕಡೆ ಹೋಗಿ ಬರುತ್ತೇನೆ. ಮೂರು ಗಂಟೆ ಪ್ರಯಾಣ, ಒಂದು ಚೀಲ, ಇಳಿದ ತಕ್ಷಣ ರಜೆ ಶುರು. 36 ಗಂಟೆ ಕೂತು ಹೋಗಿ ಸೋಮವಾರ ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ಕೆಲಸಕ್ಕೆ ಕೂರುವುದು ನನ್ನ ಕೈಲಿ ಆಗದು.

ಹೊಸ ಜಾಗವೇ ಬೇಕು ಅಂದರೆ ಬೇರೆ ಮಾತು.


ಮೋಡದ ಕೆಳಗೆ:

ನನಗೆ ಆದದ್ದು ಹೇಳುತ್ತೇನೆ, ನಿಮ್ಮ ಲೆಕ್ಕಕ್ಕೆ ಉಪಯೋಗ ಆಗಬಹುದು.

ಉತ್ತರದ ಬೆಳಕು, ಅಂದರೆ ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ನೋಡಬೇಕು ಅಂತ ಜನವರಿಯಲ್ಲಿ ನಾರ್ವೆಯ ಟ್ರೊಮ್ಸೊಗೆ ಹೋಗಿದ್ದೆ. ಒಂದು ವಾರದ ರಜೆ, ಓಡಾಟಕ್ಕೆ ಹೋಗಿ ಅಲ್ಲಿ ಸಿಕ್ಕಿದ್ದು ಮೂರು ರಾತ್ರಿ. ಮೂರು ರಾತ್ರಿಯೂ ಮೋಡ. ಎರಡನೇ ರಾತ್ರಿ ಕರೆದುಕೊಂಡು ಹೋದವರು ಮೋಡ ಇಲ್ಲದ ಆಕಾಶ ಹುಡುಕುತ್ತಾ ಫಿನ್‌ಲೆಂಡ್ ಗಡಿಯವರೆಗೆ ಗಾಡಿ ಓಡಿಸಿದರು. ಹಿಮದ ಮೇಲೆ ನಿಂತು ತಲೆ ಎತ್ತಿಕೊಂಡು ಕಾದೆವು, ಕತ್ತು ನೋವು ಬಂತು, ಒಂದು ಸಲ ಮೋಡದ ಅಂಚು ಸ್ವಲ್ಪ ಹಸಿರಾದ ಹಾಗೆ ಕಂಡಿತು, ಅಷ್ಟೇ. ನಾಲ್ಕನೇ ದಿನ ಬೆಳಿಗ್ಗೆ ವಾಪಸ್ ವಿಮಾನ.

ಅಲ್ಲಿ ಬೇರೆ ಚೆಂದ ಇರಲಿಲ್ಲ ಅಂತಲ್ಲ. ಜನವರಿ ಮೊದಲ ವಾರಗಳಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹಿಮವೆಲ್ಲಾ ನೀಲಿ ಆಗುತ್ತದೆ. ಆ ನೀಲಿ ನನಗೆ ಬೇರೆಲ್ಲೂ ಕಂಡಿಲ್ಲ. ಆದರೆ ನಾನು ಹೋಗಿದ್ದು ಅದಕ್ಕಲ್ಲ, ವಾಪಸ್ ಬರುವಾಗ ಅತ್ತುಬಿಟ್ಟೆ.

ದೂರ ಜಾಸ್ತಿ ಆಗಿದ್ದು ತಪ್ಪಲ್ಲ. ಆಕಾಶ ಒಪ್ಪಿದರೆ ಮಾತ್ರ ಸಿಗುವಂಥದ್ದಕ್ಕೆ ಮೂರೇ ರಾತ್ರಿ ಇಟ್ಟುಕೊಂಡಿದ್ದು ತಪ್ಪು. ನಿಮ್ಮದು ಕಲ್ಲಿನ ಊರು, ಅದು ಎಲ್ಲಿಗೂ ಹೋಗುವುದಿಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಕಡಿಮೆ, ಆಗಸ್ಟ್ ಒಳ್ಳೆಯ ಕಾಲ. ಬೆಳಿಗ್ಗೆ ಮಂಜು ಮುಚ್ಚಿದರೂ ಸಾಮಾನ್ಯವಾಗಿ ಹೊತ್ತೇರಿದ ಮೇಲೆ ತೆರೆದುಕೊಳ್ಳುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಹೊರಡುತ್ತಿದ್ದೆ.


ಗೋಡೆಕಲ್ಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರನೇ ಜಾವ ಅವರು ಕೇಳಿದ್ದು ಸರಿ, ನಾನು ಮುಖ್ಯವಾದದ್ದನ್ನೇ ಬರೆದಿರಲಿಲ್ಲ.

ನಾನೊಬ್ಬನೇ ಹೋಗುತ್ತಿಲ್ಲ, ಅಪ್ಪನೂ ಬರುತ್ತಾರೆ. ಅವರಿಗೆ 66 ವರ್ಷ. ಜೀವನ ಪೂರ್ತಿ ಮನೆ ಕಟ್ಟುವ ಕೆಲಸ ಮಾಡಿದವರು, ಕಲ್ಲು ಗಾರೆ ಅವರ ಕೈಯಲ್ಲೇ ಇದೆ. ನಾನು ಶಾಲೆಯಲ್ಲಿದ್ದಾಗ ಯಾವುದೋ ಪತ್ರಿಕೆಯಲ್ಲಿ ಮಾಚು ಪಿಚು ಕಟ್ಟಿದ ಇಂಕಾ ಜನರ ಗೋಡೆಯ ಚಿತ್ರ ಬಂದಿತ್ತು. ಗಾರೆಯೇ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ ಅಂತ ಓದಿ ಹೇಳಿದೆ. ಅಪ್ಪ ಆ ಹಾಳೆ ಇಸ್ಕೊಂಡು ಬೆಳಕಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು, ಸಂದು ಎಲ್ಲಿದೆ ಅಂತ ಉಗುರಿನಲ್ಲಿ ಗೀರಿ ನೋಡಿದರು. ಆ ಹಾಳೆ ಇವತ್ತಿಗೂ ಅವರ ಅಳತೆ ಟೇಪು ಇಡುವ ಡಬ್ಬದಲ್ಲಿ ಮಡಚಿಕೊಂಡು ಇದೆ. ಮಡಿಕೆಯ ಕಡೆ ಹರಿದಿದೆ, ಹಿಂದಿನಿಂದ ಅಂಟಿಸಿದ್ದಾರೆ.

ಅವರು ಬಾಯಿ ಬಿಟ್ಟು ಯಾವತ್ತೂ ಕೇಳಿಲ್ಲ. ಹೋದ ವರ್ಷದಿಂದ ಎಡ ಮೊಣಕಾಲು ನೋಯುತ್ತಿದೆ. ಇನ್ನೂ ನಡೆಯುತ್ತಾರೆ, ಮೆಟ್ಟಿಲು ಇಳಿಯುವಾಗ ಕೈಹಿಡಿ ಬೇಕು. ಮೂರು ವಾರ ರಜೆ ಸಿಗುವ ಕಾಲ ನನಗೆ ಯಾವಾಗ ಬರುತ್ತದೋ ಗೊತ್ತಿಲ್ಲ, ಆ ಹೊತ್ತಿಗೆ ಅವರ ಕಾಲು ಹೇಗಿರುತ್ತದೋ ಅದೂ ಗೊತ್ತಿಲ್ಲ. ಒಂದು ಕಡೆ ಈಗಲೇ ಹೋಗಬೇಕು ಅನ್ನಿಸುತ್ತದೆ. ಇನ್ನೊಂದು ಕಡೆ ಈ ವಯಸ್ಸಿನಲ್ಲಿ ಅವರನ್ನು ಇಷ್ಟು ಅವಸರದಲ್ಲಿ ಎಳೆದುಕೊಂಡು ಹೋಗಿ ಏನಾದರೂ ಆದರೆ ಅಂತ ಭಯ.


ಗಂಟೆಲೆಕ್ಕ:

ಇದು ಗೊತ್ತಿದ್ದರೆ ಮೊದಲೇ ಬೇರೆ ಥರ ಬರೆಯುತ್ತಿದ್ದೆ. ನನ್ನ ಲೆಕ್ಕದಲ್ಲಿ ಕಾಯುವುದಕ್ಕೆ ಏನೂ ಖರ್ಚಿಲ್ಲ ಅಂತ ಇಟ್ಟುಕೊಂಡಿದ್ದೆ. ಕಾಯುವುದಕ್ಕೂ ಖರ್ಚಿದೆ, ನಿಮ್ಮ ವಿಷಯದಲ್ಲಿ ಅದು ಅಪ್ಪನ ಮೊಣಕಾಲು. 64 ಗಂಟೆ ಸಾಕು. ಹೋಗಿ.


ಕಲ್ಲುದಾರಿ:

ನಾನು ಆ ಕಡೆ ಹೋಗಿ ಬಂದವನು. ಅಪ್ಪನ ವಿಷಯ ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ನಿಮ್ಮ ಅಪ್ಪನಿಗೆ ಬೇಕಿರುವುದು ಮಾಚು ಪಿಚು ಅಲ್ಲ, ಗೋಡೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರವಾಸ ಪೂರ್ತಿ ಹಗುರ ಆಗುತ್ತದೆ. ಯಾಕೆ ಅಂದರೆ ಆ ಗೋಡೆಗಳು ಕುಸ್ಕೋ ಊರಿನ ಬೀದಿಗಳಲ್ಲೇ ಇವೆ. ಲೊರೆಟೋ ಅಂತ ಒಂದು ಓಣಿ ಇದೆ, ಎರಡೂ ಬದಿಗೆ ಇಂಕಾ ಕಾಲದ ಗೋಡೆ, ಮಧ್ಯೆ ಜನ ಓಡಾಡುತ್ತಾರೆ. ಹತುನ್ ರುಮಿಯೋಕ್ ಬೀದಿಯಲ್ಲಿ 12 ಮೂಲೆಯ ಒಂದು ಕಲ್ಲು ಇದೆ, ಸುತ್ತಲಿನ ಕಲ್ಲುಗಳು ಆ 12 ಮೂಲೆಗೂ ಸರಿಯಾಗಿ ಕೂತಿವೆ. ಅದನ್ನು ಮುಟ್ಟಲು ಬಿಡುವುದಿಲ್ಲ, ಮಾಚು ಪಿಚುವಿನಲ್ಲೂ ಗೋಡೆಗೆ ಒರಗುವ ಹಾಗಿಲ್ಲ, ಇದನ್ನು ಅಪ್ಪನಿಗೆ ಮೊದಲೇ ಹೇಳಿಡಿ. ಕಣ್ಣನ್ನು ಸಂದಿನ ಹತ್ತಿರ ತಂದು ನೋಡಲು ಯಾರೂ ಬೇಡ ಅನ್ನುವುದಿಲ್ಲ. ಊರಿನ ಮೇಲ್ಭಾಗದಲ್ಲಿ ಸಕ್ಸಾಯ್‌ವಾಮನ್ ಅನ್ನುವ ಇಂಕಾ ಕಾಲದ ಕಟ್ಟಡ ಇದೆ, ಅಲ್ಲಿನ ದೊಡ್ಡ ಕಲ್ಲುಗಳ ತೂಕ 100 ಟನ್‌ಗೂ ಮೇಲೆ ಅಂತ ಅಂದಾಜು.

ಆದರೆ ನನ್ನನ್ನು ಕೇಳಿದರೆ ಅವರನ್ನು ಕುಸ್ಕೋದಿಂದ ಮಾಚು ಪಿಚುಗೆ ಹೋಗುವ ದಾರಿಯ ಊರಾದ ಓಯಾಂತಾಯ್‌ತಾಂಬೊದಲ್ಲಿ ಜಾಸ್ತಿ ಹೊತ್ತು ಬಿಡಿ. ಅಲ್ಲಿ ಬೆಟ್ಟದ ಮೇಲೆ ಆರು ದೊಡ್ಡ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ ಗೋಡೆ ಇದೆ. ಕಲ್ಲು ತಂದದ್ದು ನದಿಯ ಆಚೆ ಬೆಟ್ಟದ ಗಣಿಯಿಂದ. ಬೆಟ್ಟ ಇಳಿಸಿ, ನದಿ ದಾಟಿಸಿ, ಮತ್ತೆ ಬೆಟ್ಟ ಹತ್ತಿಸಿದ್ದಾರೆ. ದಾರಿಯಲ್ಲೇ ಬಿಟ್ಟುಹೋದ ಕಲ್ಲುಗಳು ಇವತ್ತಿಗೂ ಅಲ್ಲಲ್ಲೇ ಬಿದ್ದಿವೆ, ಅಲ್ಲಿಯವರು ಅವನ್ನು ದಣಿದ ಕಲ್ಲುಗಳು ಅನ್ನುತ್ತಾರೆ. ಕೆಲಸ ಮುಗಿದ ಗೋಡೆಗಿಂತ ಕಲ್ಲು ಸಾಗಿಸಿದವನಿಗೆ ಅರ್ಧದಲ್ಲಿ ನಿಂತ ಕೆಲಸವೇ ಜಾಸ್ತಿ ಹೇಳುತ್ತದೆ ಅಂತ ನನಗೆ ಆಗ ಅನ್ನಿಸಿತ್ತು. ನಿಮ್ಮ ಅಪ್ಪ ನೋಡಿದರೆ ಎಲ್ಲಿ ಹಗ್ಗ ಕಟ್ಟಿರಬೇಕು, ಎಲ್ಲಿಂದ ಎಳೆದಿರಬೇಕು ಅಂತ ನಿಮಗೇ ತೋರಿಸುತ್ತಾರೆ.

ಇನ್ನು ಎತ್ತರದ ವಿಷಯ. ಇದು ಜೆಟ್ ಲ್ಯಾಗ್‌ಗಿಂತ ಮುಖ್ಯ. ಲಿಮಾ ಸಮುದ್ರದ ಮಟ್ಟದಲ್ಲಿದೆ, ಕುಸ್ಕೋ 3,400 ಮೀಟರ್. ಒಂದೂವರೆ ಗಂಟೆಯಲ್ಲಿ ವಿಮಾನ ನಿಮ್ಮನ್ನು ಅಷ್ಟು ಮೇಲೆ ಇಳಿಸುತ್ತದೆ. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಆಗಬಹುದು. ಇಳಿದ ತಕ್ಷಣ ಏನೂ ಗೊತ್ತಾಗುವುದಿಲ್ಲ, ಆರು ಹನ್ನೆರಡು ಗಂಟೆ ಕಳೆದ ಮೇಲೆ ಶುರುವಾಗುತ್ತದೆ. ವಯಸ್ಸಿಗೂ ಇದಕ್ಕೂ ಅಂಥ ಸಂಬಂಧ ಇಲ್ಲ, ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತದೆ. ಏನು ಎತ್ತ ಅಂತ ತಿಳಿಯದಷ್ಟು ಗೊಂದಲವಾದರೆ, ಕೂತಲ್ಲೇ ಉಸಿರಾಡಲು ಕಷ್ಟವಾದರೆ, ತಡಮಾಡದೆ ಕೆಳಗೆ ಇಳಿಸಿ ವೈದ್ಯರಿಗೆ ತೋರಿಸಬೇಕು.

ಅದಕ್ಕೆ ನಾನು ಮಾಡಿದ ಹಾಗೆ ಮಾಡಿ. ಮೊದಲ ರಾತ್ರಿ ಲಿಮಾದಲ್ಲಿ, ವಿಮಾನ ನಿಲ್ದಾಣದ ಹತ್ತಿರವೇ ಮಲಗಿ. ಬೆಳಿಗ್ಗೆ ಕುಸ್ಕೋಗೆ ಹಾರಿ, ಅಲ್ಲಿ ನಿಲ್ಲದೆ ನೇರ ಕಾರು ಹತ್ತಿ ಓಯಾಂತಾಯ್‌ತಾಂಬೊಗೆ ಇಳಿದುಬಿಡಿ. ಅದು ಸುಮಾರು 2,800 ಮೀಟರ್, ಮೈಗೆ ಅಷ್ಟು ಕಷ್ಟ ಆಗುವುದಿಲ್ಲ. ಎರಡು ರಾತ್ರಿ ಅಲ್ಲಿರಿ, ಮೊದಲ ದಿನ ಏನೂ ಹತ್ತಬೇಡಿ, ಊರ ಓಣಿಗಳಲ್ಲಿ ನಿಧಾನ ನಡೆಯಿರಿ. ಆ ಓಣಿಗಳೂ ಇಂಕಾ ಕಾಲದವೇ, ಪಕ್ಕದ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ಅಲ್ಲಿಂದ ರೈಲಿನಲ್ಲಿ ಮಾಚು ಪಿಚು ಬೆಟ್ಟದ ಕೆಳಗಿನ ಊರು ಆಗುವಾಸ್ ಕಾಲಿಯೆಂತೆಸ್‌ಗೆ ಹೋಗಿ ಒಂದು ರಾತ್ರಿ. ಅದು ಇನ್ನೂ ತಗ್ಗು, 2,040 ಮೀಟರ್. ಬೆಳಿಗ್ಗೆ ಮಾಚು ಪಿಚು, ಅದು 2,430 ಮೀಟರ್, ಕುಸ್ಕೋಗಿಂತ ಸುಮಾರು ಒಂದು ಕಿಲೋಮೀಟರ್ ಕೆಳಗೆ. ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ. ಕೊನೆಯ ಎರಡು ರಾತ್ರಿ ಕುಸ್ಕೋದಲ್ಲಿ, ಆ ಹೊತ್ತಿಗೆ ಮೈ ಒಗ್ಗಿರುತ್ತದೆ. 6 ರಾತ್ರಿ ಸರಿಹೋಯಿತು ನೋಡಿ.

ಮಾಚು ಪಿಚು ಟಿಕೆಟ್ ಮೊದಲು ತೆಗೆದುಕೊಳ್ಳಿ, ದಿನಕ್ಕೆ ಇಷ್ಟೇ ಜನ ಅಂತ ಇರುತ್ತದೆ, ಹೊತ್ತೂ ಗೊತ್ತುಮಾಡಿರುತ್ತಾರೆ. ಆಗಸ್ಟ್‌ನಲ್ಲಿ ಬೇಗ ಮುಗಿದುಹೋಗುತ್ತದೆ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಬೇಕು, ಬಾಗಿಲಲ್ಲಿ ನೋಡುತ್ತಾರೆ. ಒಳಗೆ ನಡೆದು ನೋಡಲು ಮೂರು ಸುತ್ತುದಾರಿ ಇವೆ. ಮೊದಲನೆಯದು ಮೇಲಕ್ಕೆ ಹತ್ತಿಸುತ್ತದೆ, ಚಿತ್ರದಲ್ಲಿ ಕಾಣುವ ನೋಟ ಅಲ್ಲಿಂದ ಸಿಗುತ್ತದೆ. ಮೂರನೆಯದು ತಗ್ಗಿನಲ್ಲಿ, ಹತ್ತುವುದು ಕಡಿಮೆ, ಗೋಡೆಗಳು ಹತ್ತಿರದಿಂದ ಕಾಣುತ್ತವೆ. ಅಪ್ಪನ ಮೊಣಕಾಲಿಗೂ ಅವರ ಆಸೆಗೂ ಮೂರನೆಯದೇ ಸರಿ. ವಯಸ್ಸಾದವರು ಊರುಗೋಲು ತರಬಹುದು, ತುದಿಗೆ ರಬ್ಬರ್ ಇರಬೇಕು. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ.

ಮತ್ತೆ ಒಂದು. ಕುಸ್ಕೋದಿಂದ ಹೊರಡುವ ವಿಮಾನ ಹವೆಯಿಂದ ತಡ ಆಗುವುದು ಇದೆ. ಲಿಮಾದಿಂದ ರಾತ್ರಿ ವಿಮಾನ ಇದ್ದರೆ ಕುಸ್ಕೋ ಬಿಡುವುದು ಬೆಳಿಗ್ಗೆಯೇ ಇರಲಿ. ಸಾಧ್ಯವಾದರೆ ದೂರದ ವಿಮಾನಗಳೆಲ್ಲಾ ಒಂದೇ ಬುಕಿಂಗ್‌ನಲ್ಲಿ ಇರಲಿ, ಒಂದು ತಪ್ಪಿದರೆ ಮುಂದಿನದಕ್ಕೆ ಕೂರಿಸುವುದು ಅವರ ಹೊಣೆ ಆಗುತ್ತದೆ. ನನಗೆ ಒಂದು ಸಲ ಬೇರೆ ಬೇರೆ ಬುಕಿಂಗ್ ಮಾಡಿ ಮಧ್ಯದ ವಿಮಾನ ತಪ್ಪಿ ಎರಡು ದಿನ ಹೋಯಿತು. 9 ದಿನದಲ್ಲಿ ಎರಡು ದಿನ ಹೋದರೆ ಉಳಿಯುವುದೇನು.


ರೇಖಾಂಶ:

ಕಲ್ಲುದಾರಿ ಅವರ ಯೋಜನೆ ತುಂಬಾ ಚೆನ್ನಾಗಿದೆ. ನಾನು ಒಂದೇ ಸೇರಿಸುತ್ತೇನೆ. ವಿಮಾನದ ಒಳಗಿನ ಗಾಳಿಯೇ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಗಾಳಿಯ ಹಾಗೆ ತೆಳು ಇರುತ್ತದೆ, ತೇವವೂ ತುಂಬಾ ಕಡಿಮೆ. ನಾಲ್ಕು ಗಂಟೆಗೂ ಜಾಸ್ತಿ ಅಲ್ಲಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡರಷ್ಟು ಆಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಎರಡರಷ್ಟು ಅಂದರೂ ಅದು ಅಪರೂಪವೇ, ಹೆದರಬೇಡಿ. ಅಪ್ಪನಿಗೆ ಓಡಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಎಚ್ಚರ ಇರುವಾಗ ಎರಡು ಗಂಟೆಗೊಮ್ಮೆ ಎಬ್ಬಿಸಿ ನಡೆಸಿ, ಮೊಣಕಾಲಿಗೂ ಒಳ್ಳೆಯದು. ವೈದ್ಯರನ್ನು ನೋಡುವಾಗ ಇದನ್ನೂ, ಎತ್ತರಕ್ಕೆ ಕೊಡುವ ಅಸೆಟಾಝೋಲಮೈಡ್ ಮಾತ್ರೆ ಅವರಿಗೆ ಆಗುತ್ತದಾ ಅನ್ನುವುದನ್ನೂ ಕೇಳಿ. ಈಗಾಗಲೇ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯದೆ ಹೇಳಿ.


ಸಣ್ಣಚೀಲ:

ಅಪ್ಪನ ಡಬ್ಬದ ವಿಷಯ ಓದಿದೆ. ನನ್ನ ಮಾತು ವಾಪಸ್. ಒಂದೇ ಒಂದು ಕೋರಿಕೆ, ವಾಪಸ್ ಬಂದ ಸೋಮವಾರ ಮಧ್ಯಾಹ್ನದಿಂದ ಕೆಲಸ ಶುರುಮಾಡಲು ಆಗುತ್ತದಾ ಕೇಳಿ. ಪೂರ್ತಿ ದಿನ ಕೊಡದಿದ್ದರೂ ಅರ್ಧ ದಿನ ಕೊಡುತ್ತಾರೆ.


ಗೋಡೆಕಲ್ಲು:

ನಿನ್ನೆ ರಾತ್ರಿ ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ದಣಿದ ಕಲ್ಲುಗಳ ಹತ್ತಿರ ಬಂದಾಗ "ಇನ್ನೊಂದು ಸಲ ಓದು" ಅಂದರು. ಆಮೇಲೆ ಸುಮ್ನೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಡಬ್ಬ ತಂದು, ಹಾಳೆ ತೆಗೆದು, ನದಿ ಎಷ್ಟು ಅಗಲ ಇರಬಹುದು ಅಂತ ನನ್ನನ್ನು ಕೇಳಿದರು. ನಕ್ಷೆ ತೆಗೆದು ತೋರಿಸಿದೆ. ರಾತ್ರಿ ಹನ್ನೊಂದೂವರೆವರೆಗೆ ಇಬ್ಬರೂ ಅದನ್ನೇ ನೋಡುತ್ತಾ ಕೂತಿದ್ದೆವು.

ಕಲ್ಲುದಾರಿ ಅವರು ಹೇಳಿದ ಹಾಗೇ ಯೋಜನೆ ಬರೆದಿಟ್ಟಿದ್ದೇನೆ, ಬೇರೆ ಯಾವ ಜಾಗವನ್ನೂ ಸೇರಿಸುವುದಿಲ್ಲ. ಸೋಮವಾರ ಅರ್ಧ ದಿನಕ್ಕೆ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ವಿಮಾನದ ಟಿಕೆಟ್ ಇನ್ನೂ ತೆಗೆದಿಲ್ಲ. ಬುಧವಾರ ಅಪ್ಪನನ್ನು ಮೊಣಕಾಲಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ, ಎತ್ತರದ ಮಾತ್ರೆಯ ವಿಷಯವನ್ನೂ ಅಲ್ಲೇ ಕೇಳುತ್ತೇನೆ. ಅವರು ಆಗಬಹುದು ಅಂದರೆ ಅವತ್ತೇ ಸಂಜೆ ಬುಕ್ ಮಾಡುತ್ತೇನೆ.